ಕಲ್ಲಿನ ಮೇಲಣ ಲಾಳಿ

ಗೋರಿಗಳನ್ನು ನೋಡಲೆಂದೇ ಹೋಗುವ ರೂಢಿ ನಮ್ಮಲ್ಲಿಲ್ಲ. ಆದರೂ ಸ್ಕಾಟ್ಲೆಂಡಿನಲ್ಲಿ ನೆಲೆಸಿರುವ ಮಗಳ ಮನೆಗೆ ಹೋಗಿದ್ದಾಗ, ಡಂಡೀ ನಗರದ ನಡುವೆ ಇರುವ ಹೌಫ್ ಎಂಬ ಹಳೆಯ ರುದ್ರಭೂಮಿಯಲ್ಲಿ ನಾವು ಒಂದು ಮಧ್ಯಾಹ್ನವನ್ನೇ ಕಳೆದೆವು. ಮೊದಲು ಫ್ರಾನ್ಸಿಸ್ಕನ್ ಸಂನ್ಯಾಸಿಗಳ ತೋಟವಾಗಿದ್ದ ಈ ನೆಲವನ್ನು 1564ರಲ್ಲಿ ರಾಣಿ ಮೇರಿ ಊರವರಿಗೆ ಬಿಟ್ಟುಕೊಟ್ಟಳು. ಹೌಫ್ ಎಂದರೆ ಕೂಡುವ ತಾಣ. ಊರಿನ ಒಂಬತ್ತು ಕಸುಬುದಾರ ಸಂಘಗಳವರು ಇಲ್ಲಿಯೇ ಸಭೆ ಸೇರುತ್ತಿದ್ದರು.

ಸ್ಕಾಟ್ಲೆಂಡಿನ ಹಳೆಯ ಗೋರಿಗಲ್ಲುಗಳನ್ನು ಮೊದಲ ಸಲ ಕಂಡವರ ಎದೆ ಝಲ್ಲೆನ್ನುವುದು ಸಹಜ. ತಲೆಬುರುಡೆ, ಅಡ್ಡಡ್ಡವಾಗಿರಿಸಿದ ಎಲುಬುಗಳು, ಮರಳುಗಡಿಯಾರ, ಗೋರಿ ತೋಡುವವನ ಸನಿಕೆ! ಇವು ಹೆದರಿಸುವುದಕ್ಕಲ್ಲ, ಹೊತ್ತು ಸರಿಯುತ್ತಿದೆ, ನಿನಗೂ ಮರಣವುಂಟು ಎಂದು ನೋಡುವವನನ್ನು ಎಚ್ಚರಿಸುವುದಕ್ಕೆ. ಅವುಗಳ ಮೇಲ್ಗಡೆ ರೆಕ್ಕೆ ಮೂಡಿದ ಪುಟ್ಟ ಮುಖವೊಂದಿರುತ್ತದೆ. ಅದು ದೇಹವನ್ನು ತೊರೆದು ಹಾರುವ ಆತ್ಮ. 1560ರ ಮತಸುಧಾರಣೆಯ ತರುವಾಯ ಚರ್ಚುಗಳ ಒಳಗೆ ವಿಗ್ರಹಗಳಿಗೆ ಎಡೆಯಿಲ್ಲದಂತಾಯಿತು. 17 ಮತ್ತು 18ನೆಯ ಶತಮಾನಗಳ ಕಲ್ಲುಕುಟಿಗರು ತಮ್ಮ ಕೈಚಳಕವನ್ನು ಹೊರಗಣ ಈ ಕಲ್ಲುಗಳ ಮೇಲೆ ಮೆರೆದರು.

ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದುವು ಕಸುಬಿನ ಗುರುತುಗಳು. ಕಮ್ಮಾರನಿಗೆ ಕಿರೀಟವಿಟ್ಟ ಸುತ್ತಿಗೆ, ದರ್ಜಿಗೆ ಕತ್ತರಿ ಮತ್ತು ಇಸ್ತ್ರಿಪೆಟ್ಟಿಗೆ, ರೈತನಿಗೆ ನೇಗಿಲಿನ ಕುಳ, ನೇಕಾರನಿಗೆ ಲಾಳಿ. ಕೆಲವೆಡೆ ಚಿರತೆಯ ಮುಖವೊಂದು ಆ ಲಾಳಿಯನ್ನು ಬಾಯಲ್ಲಿ ಕಚ್ಚಿಕೊಂಡಿರುವುದೂ ಉಂಟು.

ಸೊಲ್ಲಾಪುರದ ನೇಕಾರರ ಮನೆಯಲ್ಲಿ ಹುಟ್ಟಿದ ನಮಗೆ ಲಾಳಿಯ ಮುಂದಿನಿಂದ ಕಾಲು ಕೀಳಲಾಗಲಿಲ್ಲ. ಅಪ್ಪ ಮಗ್ಗದಲ್ಲಿ ಕೂತರೆ ಅವ್ವ ಕಂಡಿಕೆ ಸುತ್ತುತ್ತಿದ್ದಳು. ಅವಳ ಕೈ ನಿಂತರೆ ಅವನ ಲಾಳಿಯೂ ನಿಲ್ಲುತ್ತಿತ್ತು.

ಆ ಕಲ್ಲುಗಳಲ್ಲಿ ಇನ್ನೊಂದು ವಿಶೇಷವಿದೆ. ಗಂಡನ ಹೆಸರಿನೊಡನೆ ಹೆಂಡತಿಯ ಹೆಸರು ತವರುಮನೆತನದ ಅಡ್ಡಹೆಸರಿನೊಂದಿಗೇ ಇರುತ್ತದೆ. ಮದುವೆಯಾದ ಮಾತ್ರಕ್ಕೆ ಅಂದಿನ ಸ್ಕಾಟ್ ಹೆಂಗಸರು ಅದನ್ನು ಕಳೆದುಕೊಳ್ಳುತ್ತಿರಲಿಲ್ಲ. ನಮ್ಮ ಅವ್ವನಿಗಾದರೋ ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಬರೆದ ಹೊಸ ಹೆಸರೇ ಕಡೆಯವರೆಗೂ ಉಳಿಯಿತು. ತವರಿನಲ್ಲಿ ಅವಳನ್ನು ಏನೆಂದು ಕರೆಯುತ್ತಿದ್ದರೆಂಬುದು ನಮಗೆ ತಿಳಿದದ್ದು ಅವಳ ಹನ್ನೊಂದನೆಯ ದಿನ. ಸೋದರಮಾವ ಆ ಹೆಸರು ಹಿಡಿದು ಅತ್ತಾಗ. ಅದುವರೆಗೆ ನಾವು ಕೇಳಿಯೇ ಇರಲಿಲ್ಲ.

ಕಲ್ಲೂ ಶಾಶ್ವತವಲ್ಲ. ಅಲ್ಲಿನ ಮರಳುಗಲ್ಲು ಮಳೆಗೂ ಹಿಮಕ್ಕೂ ಸಿಕ್ಕಿ ಪದರಪದರವಾಗಿ ಉದುರುತ್ತದೆ. ಅಳಿಯುವ ಮುನ್ನ ಅವನ್ನು ದಾಖಲಿಸಲು ಬೆಟ್ಟಿ ವಿಲ್ಶರ್ ಎಂಬ ವಿದುಷಿ ವರುಷಗಟ್ಟಲೆ ಊರೂರು ಸುತ್ತಿದರು. 1985ರಲ್ಲಿ ಈ ಕುರಿತು ಕೈಪಿಡಿಯನ್ನೂ ಹೊರತಂದರು.

ನಮ್ಮಲ್ಲಿ ಕಲ್ಲಿಲ್ಲ, ಅಸ್ಥಿ ಹೊಳೆಯ ಪಾಲಾಯಿತು. ಊರಿಗೆ ಮರಳಿದ ಮೇಲೆ ಮನೆಯ ವಂಶಾವಳಿಯ ವಹಿಯನ್ನು ತೆರೆದು, ಅಪ್ಪನ ಹೆಸರಿನ ಪಕ್ಕದಲ್ಲಿ ಅವ್ವನ ಎರಡು ಹೆಸರುಗಳನ್ನೂ ಬರೆದೆವು. ಕೆಳಗೆ ಒಂದು ಲಾಳಿ, ಒಂದು ಕಂಡಿಕೆ. ಚಿತ್ರ ಸೊಟ್ಟಗಾಯಿತು; ಆದರೂ ಅಳಿಸಲಿಲ್ಲ.