ತಾಗಬೇಕಾದ ಕೋಲು

ಕರಾಟೆಯಲ್ಲಿ ನಮ್ಮವರ ಏಟನ್ನು 12 ವರ್ಷ ತಡೆದ ನನಗೆ, ಅವರ ಕೋಲಿಗೆ ಕೋಲು ತಾಗಿಸುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಗೆಂಡೆಹಳ್ಳಿಯ ನಮ್ಮ ಕೇರಿಯಲ್ಲಿ ಕೋಲಾಟಕ್ಕೆ ಜೋಡಿ ಸಾಲದೆಂದು ನಮ್ಮಿಬ್ಬರನ್ನೂ ಎಳೆದುಕೊಂಡಿದ್ದರು.

ಕುಮಿಟೆಯಲ್ಲಿ ಏಟು ಮೈಗೆ ತಾಗುವ ಮುನ್ನ ನಿಲ್ಲಬೇಕು. ಕೋಲಾಟದಲ್ಲಿ ನಿಂತರೆ ಕೆಟ್ಟಿತು. ಎರಡೂ ಕೋಲು ನಡುದಾರಿಯಲ್ಲಿ ಸೇರಿ ‘ಟಕ್’ ಎನ್ನಬೇಕು. ಇವರ ಕೋಲು ಗೇಣು ದೂರದಲ್ಲೇ ನಿಂತುಬಿಡುತ್ತಿತ್ತು. ನಾನೋ, ಕೋಲು ಬಂದೊಡನೆ ಮುಂಗೈ ಎತ್ತಿ ತಡೆಯುತ್ತಿದ್ದೆ. “ಇದೇನ್ರವ್ವಾ, ಆಟವಾ ಜಗಳವಾ?” ಎಂದು ಕಲಿಸುವ ಅಜ್ಜಿ ನಕ್ಕರು.

ನನಗೆ ನಗು ಬರಲಿಲ್ಲ. ಆರು ವರ್ಷದ ಹಿಂದೆ ಅಭ್ಯಾಸದಲ್ಲಿ ಇವರ ಏಟಿಗೆ ನನ್ನ ಮಣಿಕಟ್ಟು ಮುರಿದಿತ್ತು. ಅಂದಿನಿಂದ ಇವರು ನನ್ನೆದುರು ಪೂರ್ತಿ ಕೈ ಬೀಸಿದ್ದಿಲ್ಲ. ಆ ಮಾತನ್ನು ನಾವು ಆಡಿದ್ದೂ ಇಲ್ಲ.

ಭಾನುವಾರ ಬೇಲೂರಿಗೆ ಹೋದೆವು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವನ ಗುಡಿ. ಬಾಗಿಲ ಬಳಿ ಸಿಂಹದೊಡನೆ ಸೆಣಸುವ ಸಳ. ಮೇಲೆ, ಸೂರಿನಡಿ, ಕುಣಿಯುವ ಮದನಿಕೆಯರು. “ಅವನದೂ ಬಾಗಿದ ಮಂಡಿ, ಇವಳದೂ ಬಾಗಿದ ಮಂಡಿ” ಎಂದರು ಇವರು. (ಹೊರಗೆ ಬಂದರೆ ಶಿಲ್ಪ ನೋಡುವುದೂ ಇವರಿಗೆ ಕರಾಟೆಯೇ!)

ಸಂಜೆ ಹಿತ್ತಲಲ್ಲಿ, “ಬೀಸಿ, ಮುರಿಯೋದಿಲ್ಲ” ಎಂದೆ. ‘ಟಕ್’ ಎಂದಿತು. ಎರಡನೆಯದಕ್ಕೆ ನನ್ನ ಕೋಲು ಹಾರಿ ತೆಂಗಿನ ಬುಡಕ್ಕೆ ಬಿತ್ತು. ಇವರು ಗಾಬರಿಯಿಂದ ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. ಕೈ ಬಿಡಿಸಿಕೊಂಡು, ಕೋಲು ಹೆಕ್ಕಿ, ಮತ್ತೆ ಎದುರು ನಿಂತೆ.