ರ‍್ಯಾಮ್ ಎಲ್ಲಿ ಹೋಯಿತು?

ನಿಮ್ಮ ಮನೆಯ ಮೂಲೆಯಲ್ಲೂ ಬಟ್ಟೆ ಹೊದ್ದು ಕುಳಿತ ಹಳೆಯ ಕಂಪ್ಯೂಟರೊಂದು ಇರಬಹುದು. ನಮ್ಮದು 2009ರದ್ದು. ಮದ್ರಸದ ಪ್ರಶ್ನೆಪತ್ರಿಕೆಗಳನ್ನೆಲ್ಲ ನಾನು 'ನುಡಿ'ಯಲ್ಲಿ ಟೈಪ್ ಮಾಡಿಟ್ಟಿರುವುದು ಅದರಲ್ಲೇ. 2022ರ ಮಳೆಗಾಲದಲ್ಲಿ ಒಂದು ದಿನ ಗುಂಡಿ ಒತ್ತಿದರೆ ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. "ಗುಜರಿಗೆ ಹಾಕು" ಎಂದರು ಮನೆಯವರು.

ನನ್ನಲ್ಲೇ ಓದಿ ಈಗ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟಿರುವ ಹುಡುಗನನ್ನು ಕರೆಸಿದೆ. ಪಕ್ಕದ ತಗಡು ಬಿಚ್ಚಿ ತೋರಿಸಿದ. ಮದರ್‌ಬೋರ್ಡಿನ ಮೇಲೆ ಪುಟ್ಟ ಡಬ್ಬಿಗಳಂತೆ ನಿಂತಿರುತ್ತವಲ್ಲ, ಆ ಕೆಪಾಸಿಟರ್‌ಗಳಲ್ಲಿ ನಾಲ್ಕರ ತಲೆ ಉಬ್ಬಿತ್ತು. ಒಂದರಿಂದ ಕಂದು ರಸ ಒಸರಿತ್ತು. ಸರಿ ಇದ್ದರೆ ತಲೆ ಚಪ್ಪಟೆಯಾಗಿರಬೇಕಂತೆ. "ಬೋರ್ಡ್ ಹೋಗಿದೆ ಟೀಚರ್. ನಿಮ್ಮ ಫೈಲುಗಳಿರುವುದು ಹಾರ್ಡ್ ಡಿಸ್ಕ್‌ನಲ್ಲಿ, ಹೆದರಬೇಡಿ" ಎಂದ. ನನಗೆ ಹೋದ ಜೀವ ಬಂದಂತಾಯಿತು.

ವಾರದೊಳಗೆ ಯಾರೋ ಬಳಸಿದ್ದ ಬೋರ್ಡೊಂದನ್ನು ಹುಡುಕಿ ತಂದು ಕೂರಿಸಿದ. ಹಳೆಯ ಪ್ರೊಸೆಸರೇ ಅದಕ್ಕೆ ಹೊಂದಿತು. 1,800 ರೂಪಾಯಿಯಲ್ಲಿ ಕೆಲಸ ಮುಗಿಯಿತು, ಅಲ್‌ಹಮ್ದುಲಿಲ್ಲಾಹ್.

ಎರಡು ದಿನ ಕಳೆದು ಧೂಳು ಒರೆಸಲೆಂದು ತಗಡು ತೆಗೆದೆ. ರಿಪೇರಿಗೆ ಮೊದಲು ನಾನು ತೆಗೆದಿದ್ದ ಫೋಟೋ ಮೊಬೈಲಿನಲ್ಲಿತ್ತು. ಅದರಲ್ಲಿ ರ‍್ಯಾಮ್ ಪಟ್ಟಿ ಎರಡು, ಇಲ್ಲಿ ಒಂದೇ! ತಕ್ಷಣ ಫೋನು ಮಾಡಿ, "ಇನ್ನೊಂದು ಎಲ್ಲಿ ಹೋಯಿತು?" ಎಂದೆ. ನಾನು ಕೇಳಿದ ದನಿಯನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಆತ ಸ್ವಲ್ಪ ಹೊತ್ತು ಸುಮ್ಮನಿದ್ದ. "ಬಿಲ್ ಇಟ್ಟ ಕವರ್ ಬಿಚ್ಚಿ ನೋಡಿದಿರಾ ಟೀಚರ್?"

ನೋಡಿರಲಿಲ್ಲ. ಹಳೆಯ ಪಟ್ಟಿಗಳೆರಡೂ ಕಾಗದದಲ್ಲಿ ಸುತ್ತಿ ಅದರೊಳಗಿದ್ದವು. ಅವು ಡಿಡಿಆರ್2, ಸಿಕ್ಕಿದ ಬೋರ್ಡು ಡಿಡಿಆರ್3ರದ್ದು. ಎರಡರ ಅಂಚಿನ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲ. ಒಂದೊಂದು ಜಿಬಿಯ ಎರಡರ ಬದಲು ಎರಡು ಜಿಬಿಯ ಒಂದನ್ನು ತನ್ನಲ್ಲಿದ್ದುದರಿಂದಲೇ ತೆಗೆದು ಹಾಕಿದ್ದ. ಬಿಲ್ಲಿನಲ್ಲಿ ಅದಕ್ಕೆ ಹಣವನ್ನೇ ಬರೆದಿರಲಿಲ್ಲ.

ಅದೇ ವಾರ ಮಕ್ಕಳಿಗೆ ಸೂರಃ ಅಲ್ ಹುಜುರಾತ್‌ನ 12ನೆಯ ಆಯತ್ ವಿವರಿಸಿದ್ದೆ, ಗುಮಾನಿಯ ಕುರಿತು. ವರ್ಷಗಳ ಹಿಂದೆ ಇದೇ ಹುಡುಗನಿಗೂ ಅದನ್ನೇ ಕಲಿಸಿದವಳು ನಾನು.

ಫೋನಿನಲ್ಲಿ ಕೇಳಿದ ಕ್ಷಮೆ ಸಾಲದೆನಿಸಿ ಮರುದಿನ ಅಂಗಡಿಗೇ ಹೋದೆ. "ಮಾಫ್ ಮಾಡು ಮಗನೇ" ಎಂದೆ. ಯಾರದೋ ಬೋರ್ಡಿನ ಧೂಳನ್ನು ಬ್ರಷ್‌ನಿಂದ ತೆಗೆಯುತ್ತಿದ್ದವನು ತಲೆ ಎತ್ತದೆಯೇ ನಕ್ಕ. "ಆ ಹಳೆಯ ಪಟ್ಟಿಗಳನ್ನು ಬಿಸಾಡಬೇಡಿ ಟೀಚರ್, ಯಾರಿಗಾದರೂ ಬೇಕಾಗಬಹುದು."

ಅವು ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿವೆ.