ಕೋಡಿ, ಆಗರ, ಗಜನಿ: ಗೋಕರ್ಣದ ನೆಲವನ್ನು ಹೆಸರಿಸಿದವರು

ಹುಳಿಯಾರು, ತಿಪಟೂರು, ತುರುವೇಕೆರೆಗಳ ತೆಂಗಿನ ಸೀಮೆಯಲ್ಲಿ ‘ಕೋಡಿ’ ಎಂದರೆ ಕೆರೆಯ ಕೋಡಿ. ಒಳ್ಳೆಯ ಮಳೆಯಾದ ವರ್ಷ ಕೆರೆ ತುಂಬಿ, ಹೆಚ್ಚಿನ ನೀರು ಹೊರಹರಿಯುವ ಜಾಗ ಅದು. ‘ಕೋಡಿ ಬಿತ್ತು’ ಎಂಬ ಮಾತಿನಲ್ಲಿ ಇಡೀ ಊರಿನ ನೆಮ್ಮದಿ ಅಡಗಿರುತ್ತದೆ. ಅದೇ ಶಬ್ದ ಘಟ್ಟ ಇಳಿದು ಕರಾವಳಿ ಸೇರಿದಾಗ ನೆಲದ ತುದಿಯಾಗುತ್ತದೆ: ಕುಂದಾಪುರದ ಕೋಡಿ, ಉಡುಪಿಯ ಕೋಡಿಬೆಂಗ್ರೆ. ಒಂದು ಕಡೆ ನೀರು ಕೆರೆಯನ್ನು ಬಿಟ್ಟು ಹೋಗುವ ಅಂಚು. ಇನ್ನೊಂದು ಕಡೆ ನೆಲವೇ ನೀರಿನಲ್ಲಿ ಮುಗಿಯುವ ಅಂಚು. ನಿಘಂಟು ಎರಡನ್ನೂ ಒಂದೇ ಸಾಲಿನಲ್ಲಿ ಕೊಟ್ಟು ಮುಂದೆ ಸಾಗಬಹುದು. ಆದರೆ ಶಬ್ದಕ್ಕೆ ಅರ್ಥವನ್ನು ತುಂಬಿದವರು ಆ ಅಂಚಿನಲ್ಲಿ ಬದುಕಿದವರು.

ಉತ್ತರ ಕನ್ನಡದ ಗೋಕರ್ಣದ ಭೂಮಿ ಇಂಥ ಅಂಚುಗಳಿಂದಲೇ ಆದದ್ದು. ಧಾರವಾಡದ ಕಡೆ ಹುಟ್ಟಿ, ಬೇಡ್ತಿ ಎಂಬ ಹೆಸರಿನಲ್ಲಿ ಘಟ್ಟವಿಳಿದು ಬರುವ ಗಂಗಾವಳಿ ಅದರ ಉತ್ತರದ ಎಲ್ಲೆ. ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿಯ ಬಳಿ ಕಡಲು ಸೇರುವ ಅಘನಾಶಿನಿ ದಕ್ಷಿಣದ ಎಲ್ಲೆ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ಮೂರು ಕಡೆ ನೀರಿರುವ ಈ ತುಂಡು, ಚಿಕ್ಕದಾದರೂ, ಪರ್ಯಾಯದ್ವೀಪವೇ ಸರಿ. ಕೆಂಪು ಜಂಬಿಟ್ಟಿಗೆಯ ಗುಡ್ಡಗಳು ಕಡಲಿಗೆ ಚಾಚಿಕೊಂಡಿವೆ. ಅವುಗಳ ನಡುವೆ ಕುಡ್ಲೆ ಮೊದಲಾದ ಕಿರುಕೊಲ್ಲಿಗಳಿವೆ. ಗುಡ್ಡಗಳ ಬೆನ್ನಿಗೆ, ಅಳಿವೆಯ ಒಳಮೈಯಲ್ಲಿ, ದಿನಕ್ಕೆ ಎರಡು ಬಾರಿ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಬಯಲುಗಳು ಹರಡಿವೆ.

ಬರಹದ ಪರಂಪರೆ ಈ ನೆಲವನ್ನು ಕಂಡದ್ದು ಕ್ಷೇತ್ರವಾಗಿ. ಕಾಳಿದಾಸನ ‘ರಘುವಂಶ’ದ ಎಂಟನೆಯ ಸರ್ಗದಲ್ಲಿ ನಾರದನು ಹೊರಟದ್ದು ಗೋಕರ್ಣದ ಈಶ್ವರನ ಸೇವೆಗೆ, ದಾರಿಯಲ್ಲಿ ಅವನ ವೀಣೆಯ ಮಾಲೆ ಜಾರಿಬಿದ್ದು ಇಂದುಮತಿಯ ಮರಣವಾಗುತ್ತದೆ. ರಾವಣನ ಆತ್ಮಲಿಂಗದ ಕಥೆಯಂತೂ ಎಲ್ಲರಿಗೂ ಗೊತ್ತು. ಕ್ರಿ.ಶ. 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಮುಗಿಸಿದ ಭಟ್ಟಾಕಳಂಕನೂ ಇದೇ ಕರಾವಳಿಯ ಹಾಡುವಳ್ಳಿಯ ಮಠದವನು. ಅವನ 592 ಸೂತ್ರಗಳು ಕಾವ್ಯಭಾಷೆಯನ್ನು ಕಾಪಾಡಿದವು. ಉಪ್ಪುನೀರಿನ ಗದ್ದೆಯ ಮಾತು ಸೂತ್ರಕ್ಕೆ ಸಿಕ್ಕದಿದ್ದುದಕ್ಕೆ ವೈಯಾಕರಣನನ್ನು ದೂರುವುದು ಸಲ್ಲ. ಆ ಮಾತಿನ ಪಾಠಶಾಲೆ ಬೇರೆ ಕಡೆ ಇತ್ತು.

ಅದು ಇದ್ದದ್ದು ಕೊಪ್ಪಗಳಲ್ಲಿ. ಹಾಲಕ್ಕಿ ಒಕ್ಕಲಿಗರ ಪುಟ್ಟ ಕೇರಿಗೆ ಕೊಪ್ಪ ಎಂದು ಹೆಸರು. ಕೊಪ್ಪಕ್ಕೊಬ್ಬ ಗೌಡ, ಅವನಿಗೆ ಸಲಹೆ ಹೇಳುವ ಬುದ್ಧಿವಂತ, ಸುದ್ದಿ ಮುಟ್ಟಿಸುವ ಕೋಲಕಾರ; ಕೊಪ್ಪಗಳು ಸೇರಿ ಸೀಮೆ. ಫಾಲ್ಗುಣದಲ್ಲಿ ಸುಗ್ಗಿಯ ಮೇಳ ತುರಾಯಿ ಕಟ್ಟಿಕೊಂಡು ಗುಮಟೆಯ ಬಡಿತಕ್ಕೆ ಕುಣಿಯುತ್ತ ಮನೆಮನೆಗೆ ಹೋಗುತ್ತದೆ. ಕಾಗದದ ನಕ್ಷೆ ಇಲ್ಲದ ಕಾಲದಲ್ಲಿ ಆ ನಡಿಗೆಯೇ ಸೀಮೆಯ ನಕ್ಷೆಯಾಗಿದ್ದಿರಬೇಕು. ಮುಂಬೈ ಪ್ರಾಂತ್ಯದ ಕೆನರಾ ಗ್ಯಾಸೆಟಿಯರ್ 1883ರಷ್ಟು ಹಿಂದೆಯೇ ಹಾಲಕ್ಕಿಗಳನ್ನು ವರ್ಣಿಸಿದೆ. ಆ ಬಗೆಯ ವರ್ಣನೆಗಳ ಗಮನವೆಲ್ಲ ಉಡುಗೆ ತೊಡುಗೆ, ಮದುವೆ, ಊಟಗಳ ಮೇಲೆ. ಇಂದಿನ ಛಾಯಾಚಿತ್ರಕಾರರೂ ಹಾಲಕ್ಕಿ ಹೆಂಗಸರ ಕೊರಳ ಮಣಿಸರಗಳಲ್ಲೇ ನಿಂತುಬಿಡುತ್ತಾರೆ. ಆ ಕೊರಳಿನವರಿಗೆ ಉಬ್ಬರದ ಹೊತ್ತು, ಮಣ್ಣಿನ ಉಪ್ಪು, ಗುಡ್ಡದ ಬೇರು ತಿಳಿದಿತ್ತೆಂಬುದು ಚಿತ್ರದಲ್ಲಿ ಬೀಳುವುದಿಲ್ಲ.

‘ಆಗರ’ ಎಂಬ ಶಬ್ದವನ್ನು ನೋಡಬಹುದು. ಸಾಹಿತ್ಯದ ವಿದ್ಯಾರ್ಥಿಗೆ ಅದು ಗುಣಗಳ ಆಗರ, ವಿದ್ಯೆಯ ಆಗರ. ಗೋಕರ್ಣ ಮತ್ತು ತದಡಿಗಳ ನಡುವಿನ ಸಾಣಿಕಟ್ಟಾದಲ್ಲಿ ಅದು ಕಣ್ಣಿಗೆ ಕಾಣುವ ವಸ್ತು: ಕಡಲ ನೀರನ್ನು ಮಡಿಗಳಲ್ಲಿ ನಿಲ್ಲಿಸಿ, ಬಿಸಿಲಿಗೆ ಬತ್ತಿಸಿ, ಉಪ್ಪು ಕೆರೆದು ತೆಗೆಯುವ ಬಯಲು. ಆ ಕೆಲಸದ ಸಮುದಾಯಕ್ಕೆ ಆಗೇರರೆಂದೇ ಹೆಸರು. ಕಾವ್ಯದ ರೂಪಕ ಇಲ್ಲಿ ಕಾಲಿಗೆ ಉಪ್ಪು ಹತ್ತಿಸಿಕೊಂಡು ನಿಂತಿದೆ.

ಎಲ್ಲಕ್ಕಿಂತ ಶ್ರೀಮಂತವಾದ ಶಬ್ದ ‘ಗಜನಿ’. ಅಳಿವೆಯ ಅಂಚಿನ ತಗ್ಗುಗದ್ದೆಗಳಿಗೆ ಈ ಹೆಸರು. ಬೇಸಿಗೆಯಲ್ಲಿ ಅದು ಉಪ್ಪುನೀರಿನ ಬಯಲು. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಉಪ್ಪನ್ನು ತೊಳೆದೊಡನೆ ಭತ್ತದ ಗದ್ದೆ. ಇಲ್ಲಿ ಬೆಳೆಯುವ ತಳಿ ಕಗ್ಗ. ಮೊಳಕೆ ಬರಿಸಿದ ಬೀಜವನ್ನು ಚೆಲ್ಲಿದರೆ, ಗೊಬ್ಬರವಿಲ್ಲದೆ, ನೆರೆಯಲ್ಲಿ ಮುಳುಗಿದರೂ ಉಪ್ಪು ಏರಿದರೂ ತಡೆದುಕೊಂಡು ಆಳೆತ್ತರಕ್ಕೆ ಬೆಳೆಯುತ್ತದೆ. ಕೊಯ್ಲು ತೆನೆಗೆ ಮಾತ್ರ. ಉಳಿದ ಹುಲ್ಲು ನೀರಿನಲ್ಲೇ ಕೊಳೆತು ಮೀನು, ಸಿಗಡಿಗಳಿಗೆ ಮೇವು. ಆಮೇಲೆ ತೂಬು ತೆರೆದರೆ ಉಬ್ಬರದೊಡನೆ ಮೀನಿನ ಮರಿ ಒಳಗೆ ಬರುತ್ತವೆ. ಹೀಗೆ ಒಂದೇ ಬಯಲು ಆರು ತಿಂಗಳು ರೈತನದು, ಆರು ತಿಂಗಳು ಮೀನಿನದು. ಯಾವಾಗ ತೂಬು ಮುಚ್ಚಬೇಕು, ಎಲ್ಲಿ ಮಣ್ಣಿನ ಒಡ್ಡು ಕಟ್ಟಬೇಕು ಎಂಬುದನ್ನು ಒಬ್ಬನೇ ರೈತ ತೀರ್ಮಾನಿಸುವಂತಿಲ್ಲ. ಒಡ್ಡು ಒಂದು ಕಡೆ ಬಿರಿದರೆ ಎಲ್ಲರ ಗದ್ದೆಗೂ ಉಪ್ಪು. ಗಜನಿ ಎಂಬ ಶಬ್ದದೊಳಗೆ ನೆಲವೂ ಇದೆ, ಋತುವೂ ಇದೆ, ಊರಿನ ಒಪ್ಪಂದವೂ ಇದೆ. ‘ಉಪ್ಪುನೀರಿನ ಗದ್ದೆ’ ಎಂದು ಅರ್ಥ ಬರೆದರೆ ಕೊನೆಯ ಎರಡು ಬಿಟ್ಟುಹೋಗುತ್ತವೆ.

ಬಿಟ್ಟುಹೋದದ್ದು ಅರ್ಥಕೋಶದಲ್ಲಿ ಮಾತ್ರವಲ್ಲ. ಮಣ್ಣಿನ ಒಡ್ಡುಗಳ ಜಾಗಕ್ಕೆ ಸರ್ಕಾರದ ಶಾಶ್ವತ ಒಡ್ಡುಗಳು ಬಂದವು. ಕೂಡಿ ಒಡ್ಡು ಕಟ್ಟುವ ಅಗತ್ಯ ಕಡಿಮೆಯಾಯಿತು. ಕೂಡಿ ಕೂರುವ ರೂಢಿಯೂ ಸಡಿಲವಾಯಿತು. ಬಳಿಕ ಸಿಗಡಿ ಕೃಷಿಯ ಹಣ ಬಂತು, ಎಷ್ಟೋ ಗಜನಿಗಳು ವರ್ಷವಿಡೀ ಉಪ್ಪುನೀರಿನ ಹೊಂಡಗಳಾದವು. 1996ರಲ್ಲಿ ಸುಪ್ರೀಂ ಕೋರ್ಟು ಕರಾವಳಿ ವಲಯದ ಸಿಗಡಿ ಉದ್ಯಮಕ್ಕೆ ಕಡಿವಾಣ ಹಾಕಿದರೂ, ಒಮ್ಮೆ ಕಗ್ಗ ಬಿಟ್ಟ ಗದ್ದೆ ತಾನಾಗಿ ಕಗ್ಗಕ್ಕೆ ಮರಳಲಿಲ್ಲ. ಬೀಜ ಮನೆಯಲ್ಲಿ ಇರಬೇಕಲ್ಲ!

ಬಾಯಿಮಾತಿನ ಭೂಗೋಳಕ್ಕೆ ಕಾನೂನಿನ ಬೆಲೆ ಬಂದ ಒಂದು ಉದಾಹರಣೆ ದೂರದ ನ್ಯೂಜಿಲೆಂಡಿನಲ್ಲಿದೆ. ಅಲ್ಲಿನ ದಕ್ಷಿಣ ದ್ವೀಪದ ಪೂರ್ವ ತೀರದಲ್ಲಿ, ಆರಿದ ಜ್ವಾಲಾಮುಖಿಗಳಿಂದಾದ ಒಂದು ಪರ್ಯಾಯದ್ವೀಪವಿದೆ. 1770ರಲ್ಲಿ ಹಡಗಿನಿಂದ ನೋಡಿದ ಕ್ಯಾಪ್ಟನ್ ಕುಕ್ ಅದನ್ನು ದ್ವೀಪವೆಂದೇ ತಿಳಿದು, ಜೊತೆಗಾರ ಸಸ್ಯಶಾಸ್ತ್ರಜ್ಞ ಬ್ಯಾಂಕ್ಸ್‌ನ ಹೆಸರಿಟ್ಟ. ಮಾವೊರಿ ಜನ ಅದನ್ನು ಕರೆಯುತ್ತಿದ್ದುದು ‘ರಾಕೈಹೌಟುವಿನ ಕಣಜ’ ಎಂದು. ರಾಕೈಹೌಟು ಅವರ ಮೂಲಪುರುಷ; ಅಗೆಯುವ ಕೋಲಿನಿಂದ ಸರೋವರಗಳನ್ನು ತೋಡಿ, ಕೊನೆಗೆ ಕೋಲನ್ನು ಅಲ್ಲಿ ಊರಿದನೆಂದೂ ಅದೇ ಬೆಟ್ಟವಾಯಿತೆಂದೂ ಐತಿಹ್ಯ. ಅಲ್ಲಿನ ಬಂದರು ಅಕರೋವಾ ಎಂದರೆ ‘ಉದ್ದನೆಯ ಕೊಲ್ಲಿ’; ಬೇರೆ ಕಡೆಯ ಮಾವೊರಿಯಲ್ಲಿ ‘ಙ’ ಇರುವಲ್ಲಿ ದಕ್ಷಿಣದ ನುಡಿ ‘ಕ’ ಬಳಸುವುದರಿಂದ ಆ ರೂಪ. ಒಂದು ಉಪಭಾಷೆಯ ಧ್ವನಿ ನಕ್ಷೆಯ ಮೇಲೆ ಹೀಗೆ ಉಳಿದುಬಿಟ್ಟಿದೆ. ಆ ಸೀಮೆಯ ನೈ ತಾಹು ಕುಲದವರು 1849ರಿಂದಲೇ ಭೂಮಿಯ ಅನ್ಯಾಯದ ಬಗ್ಗೆ ಅರ್ಜಿ ಹಾಕುತ್ತ ಬಂದರು. 1975ರಲ್ಲಿ ಸ್ಥಾಪನೆಯಾದ ವೈಟಂಗಿ ನ್ಯಾಯಮಂಡಳಿ ಅವರ ಹಿರಿಯರ ಮೌಖಿಕ ಸಾಕ್ಷ್ಯವನ್ನು ಆಲಿಸಿತು. 1998ರ ಪರಿಹಾರ ಕಾಯ್ದೆ ಹಲವು ಸ್ಥಳಗಳಿಗೆ ಜೋಡಿ ಹೆಸರನ್ನು ಅಧಿಕೃತಗೊಳಿಸಿತು. ಆಹಾರ ಸಂಗ್ರಹದ ಪಾರಂಪರಿಕ ತಾಣಗಳ ಹಕ್ಕನ್ನೂ ಗಮನಿಸಿತು. ಆದ ಅನ್ಯಾಯವೆಲ್ಲ ಇದರಿಂದ ತೊಳೆದುಹೋಯಿತೆಂದು ಯಾರೂ ಹೇಳಲಾರರು. ಆದರೆ ‘ಇಲ್ಲಿ ನಮ್ಮ ಅಜ್ಜಿ ಚಿಪ್ಪು ಆರಿಸುತ್ತಿದ್ದಳು’ ಎಂಬಂಥ ಮಾತು ಕಡತ ಸೇರುವುದು ಸಣ್ಣ ಸಂಗತಿಯಲ್ಲ.

ಹಾಲಕ್ಕಿಗಳ ಇತಿಹಾಸ ಮಾವೊರಿಗಳದಕ್ಕಿಂತ ಬೇರೆ. ಹೋಲಿಕೆಯನ್ನು ಬಹಳ ಎಳೆಯಬಾರದು. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಬೇಕೆಂಬ ಅವರ ಬೇಡಿಕೆ ದಶಕಗಳಷ್ಟು ಹಳೆಯದು. ಗಂಗಾವಳಿಯಾಚೆ ಅಂಕೋಲಾ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು; 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಅವರ ಕಂಠದಲ್ಲಿದ್ದ ಹಾಡುಗಳ ಸಂಖ್ಯೆಯನ್ನು ಎಲ್ಲರೂ ಬರೆದರು. ಎಲ್.ಆರ್. ಹೆಗಡೆ, ಎನ್.ಆರ್. ನಾಯಕ ಮೊದಲಾದ ವಿದ್ವಾಂಸರು ಈ ಜಿಲ್ಲೆಯ ಜನಪದ ಹಾಡು, ಕಥೆಗಳನ್ನು ಶ್ರಮಪಟ್ಟು ಸಂಗ್ರಹಿಸಿದ್ದಾರೆ. ಆ ಹಾಡುಗಳೊಳಗಿನ ಗುಡ್ಡ, ಹಳ್ಳ, ಗಜನಿಗಳ ಹೆಸರುಗಳನ್ನು ಹೆಕ್ಕಿ, ಹಾಡುವವರನ್ನು ಜೊತೆಗಿಟ್ಟುಕೊಂಡು ನೆಲದ ಮೇಲೆ ನಡೆದು ಗುರುತಿಸುವುದು ಒಂದು ಸಂಶೋಧನ ಪ್ರಬಂಧಕ್ಕೆ ತಕ್ಕ ಕೆಲಸ. ಅದು ತುರ್ತಿನದೂ ಹೌದು: ಗೋಕರ್ಣದ ಕೊಲ್ಲಿಗಳನ್ನು ಪ್ರವಾಸಿಗರು ಈಗ ಓಂ ಬೀಚ್, ಹಾಫ್ ಮೂನ್ ಬೀಚ್, ಪ್ಯಾರಡೈಸ್ ಬೀಚ್ ಎಂದೇ ಬಲ್ಲರು.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ವಿಸ್ತಾರ 4,801 ಹೆಕ್ಟೇರು. ಇಳಿತದ ಹೊತ್ತಿಗೆ ಸೊಂಟದವರೆಗಿನ ನೀರಿನಲ್ಲಿ ಬಳಚು ಆರಿಸುವ ಹೆಂಗಸರು ಆ ವಿಸ್ತಾರದೊಳಗಿದ್ದಾರೆ, ಕಾಂಡ್ಲಾ ಗಿಡಗಳೂ ಹಕ್ಕಿಗಳೂ ಇವೆ. ಹಿನ್ನೀರಿನಂಚಿನ ಮಾಣಿಕಟ್ಟಾದಲ್ಲಿ ಕೆಲವು ರೈತರು ಈಗಲೂ ಕೂಡಿ ಕಗ್ಗ ಬಿತ್ತುತ್ತಾರೆ. ಮುಂದಿನ ವರ್ಷದ ಬೀಜವನ್ನು ಬೇರೆಯಾಗಿ ತೆಗೆದಿಡುತ್ತಾರೆ.